ವೀರ ಬಲ್ಲಾಳನ ಅಂತ್ಯಕ್ಕೆ ಸಾಕ್ಷಿ ನುಡಿದ ಪ್ರವಾಸಿಗ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಊರಿದೆ. ಸುತ್ತಲೂ ಕಾಫಿ ತೋಟ. ಮಳೆಗಾಲದಲ್ಲಿ ಮಧ್ಯಾಹ್ನವೂ ಮಂಜು ಕವಿಯುವ ಜಾಗ. ಈ ಊರಿನ ಮನೆಯೊಂದರಲ್ಲಿ ಪರೀಕ್ಷೆಗೆ ಓದುತ್ತಿದ್ದ ಬಾಲಕನೊಬ್ಬ ಸಮಾಜವಿಜ್ಞಾನದ ಪುಸ್ತಕದಿಂದ ತಲೆಯೆತ್ತಿ ತಂದೆಯನ್ನು ಕೇಳಿದ: “ಅಬ್ಬಾ, ಹಳೇಬೀಡನ್ನು ಹಾಳು ಮಾಡಿದವರು ನಮ್ಮವರಾ?” ತಂದೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. “ಓದು, ಓದು” ಎಂದು ಹೇಳಿ ಎದ್ದು ಹೋದರು.

ಇಂತಹ ಪ್ರಶ್ನೆ ಕನ್ನಡ ನಾಡಿನ ಅನೇಕ ಮುಸ್ಲಿಮ್ ಮನೆಗಳಲ್ಲಿ ಕೇಳಿಬರುತ್ತದೆ. ಅದಕ್ಕೆ ನಾವು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತೇವೆ. ಒಂದು, ಏಳುನೂರು ವರ್ಷಗಳ ಹಿಂದಿನ ಸೈನ್ಯವೊಂದರ ಪಾಪವನ್ನು ಮಗುವಿನ ತಲೆಗೆ ಕಟ್ಟುವ ಮೌನ. ಇನ್ನೊಂದು, ‘ಅದೆಲ್ಲ ಸುಳ್ಳು’ ಎಂಬ ನಿರಾಕರಣೆ. ಎರಡರಲ್ಲೂ ಸತ್ಯವಿಲ್ಲ. ಮೂರನೆಯ ಉತ್ತರವೊಂದಿದೆ. ಅದನ್ನು ಕೊಟ್ಟು ಹೋದವರು ನಮ್ಮ ಕಾಲದ ಯಾವ ಪಂಡಿತರೂ ಅಲ್ಲ. ಆ ಘಟನೆಗಳ ಕಾಲದಲ್ಲೇ ಬದುಕಿದ್ದ ಒಬ್ಬ ಮುಸ್ಲಿಮ್ ಖಾಝಿ.

ಸಿಂಹಹೃದಯಿಯೂ ನಮ್ಮ ಬಲ್ಲಾಳರೂ

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಚರಿತ್ರೆಯ ಕಥೆಗಳಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರದ್ದು ಮುಖ್ಯವಾದುದು. ಅವರ ಎದುರಾಳಿಯಾಗಿ ಬಂದವನು ಇಂಗ್ಲೆಂಡಿನ ದೊರೆ, ‘ಸಿಂಹಹೃದಯಿ’ ಎಂದು ಬಿರುದು ಪಡೆದ ರಿಚರ್ಡ್. 1189ರಿಂದ 1199ರವರೆಗೆ ಆಳಿದ ಆತ ತನ್ನ ನಾಡಿನಲ್ಲಿದ್ದದ್ದು ಕೆಲವೇ ತಿಂಗಳು. 1191ರ ಆಗಸ್ಟ್‌ನಲ್ಲಿ ಅಕ್ಕಾ ಪಟ್ಟಣದ ಹೊರಗೆ ಸುಮಾರು 2,700 ಮುಸ್ಲಿಮ್ ಸೆರೆಯಾಳುಗಳನ್ನು ಕೊಲ್ಲಿಸಿದವನೂ ಅವನೇ, 1192ರಲ್ಲಿ ಸಲಾಹುದ್ದೀನರೊಡನೆ ಒಪ್ಪಂದ ಮಾಡಿಕೊಂಡು ಹಿಂದಿರುಗಿದವನೂ ಅವನೇ. ಸಲಾಹುದ್ದೀನರ ಸಂಗಾತಿಯಾಗಿದ್ದ ಚರಿತ್ರಕಾರ ಬಹಾವುದ್ದೀನ್ ಇಬ್ನು ಶದ್ದಾದ್ ಈ ರಿಚರ್ಡನ ಕ್ರೌರ್ಯವನ್ನೂ ದಾಖಲಿಸಿದ್ದಾರೆ, ಅವನ ಶೌರ್ಯವನ್ನೂ ಮೆಚ್ಚಿ ಬರೆದಿದ್ದಾರೆ. ಶತ್ರುವಿನ ಗುಣವನ್ನು ಮರೆಮಾಚದಿರುವುದು ಅವರಿಗೆ ಧರ್ಮವಾಗಿತ್ತು.

ರಿಚರ್ಡ್ ಆಳುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಮಲೆನಾಡನ್ನು ಆಳುತ್ತಿದ್ದವನು ಹೊಯ್ಸಳ ಎರಡನೇ ವೀರ ಬಲ್ಲಾಳ. ನಮ್ಮದೇ ಜಿಲ್ಲೆಯ ಅಮೃತಾಪುರದ ದೇವಾಲಯ 1196ರಲ್ಲಿ ಅವನ ದಂಡನಾಯಕನ ಕಾಲದಲ್ಲಿ ಎದ್ದದ್ದು. ಹೊಯ್ಸಳರ ಮೂಲನೆಲೆಯೂ ದೂರದ್ದಲ್ಲ. ಮೂಡಿಗೆರೆ ತಾಲೂಕಿನ ಅಂಗಡಿ ಎಂಬ ಗ್ರಾಮವೇ ಶಾಸನಗಳ ಸೊಸೆವೂರು. ಹುಲಿಯನ್ನು ಇರಿದ ಸಳನ ಐತಿಹ್ಯ ಹುಟ್ಟಿದ್ದು ಅಲ್ಲಿ. ಇಂದು ಕಾಫಿ ಬೆಳೆಯುವ ಇದೇ ಬೆಟ್ಟಸಾಲಿನ ಮಲೆಪ ನಾಯಕರು ಕ್ರಮೇಣ ಬಯಲಿಗಿಳಿದು ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ರಾಜಧಾನಿ ಕಟ್ಟಿದರು. ಆದ್ದರಿಂದ ‘ನಮ್ಮವರು’ ಎಂಬ ಮಾತನ್ನು ಆ ಬಾಲಕ ಎತ್ತಿದ್ದೇ ಆದರೆ, ಮೊದಲು ಹೇಳಬೇಕಾದದ್ದು ಇದು: ಹೊಯ್ಸಳರು ನಮ್ಮವರು. ನಾವು ಕುಡಿಯುವ ನೀರು, ನಡೆಯುವ ದಾರಿ, ಆಡುವ ಭಾಷೆ ಅವರದ್ದೇ ನಾಡಿನವು.

ಅರ್ಧ ಶತಮಾನದ ಹೋರಾಟ

ನಮ್ಮ ಕಥೆ ಎರಡನೇ ಬಲ್ಲಾಳನದ್ದಲ್ಲ; ಅವನ ವಂಶದ ಕೊನೆಯ ಪ್ರಬಲ ಅರಸನಾದ ಮೂರನೇ ವೀರ ಬಲ್ಲಾಳನದ್ದು. 1292ರ ಸುಮಾರಿಗೆ ಪಟ್ಟಕ್ಕೆ ಬಂದ ಆತ ಅರ್ಧ ಶತಮಾನ ಆಳಿದ. ತಾತನ ಕಾಲದಲ್ಲಿ ಎರಡಾಗಿ ಒಡೆದಿದ್ದ ರಾಜ್ಯವನ್ನು ಅವನು ಮತ್ತೆ ಒಂದುಗೂಡಿಸಿದ. ಉತ್ತರದಲ್ಲಿ ದೇವಗಿರಿಯ ಸೇವುಣರು, ದಕ್ಷಿಣದಲ್ಲಿ ಪಾಂಡ್ಯರು, ಇವರೆಲ್ಲರೊಡನೆ ಅವನಿಗೆ ಕದನವಿತ್ತು. ಹಿಂದೂ ಅರಸರು ಹಿಂದೂ ಅರಸರೊಡನೆ, ಮುಸ್ಲಿಮ್ ಸುಲ್ತಾನರು ಮುಸ್ಲಿಮ್ ಸುಲ್ತಾನರೊಡನೆ ಕಾದಾಡುತ್ತಿದ್ದ ಕಾಲವದು ಎಂಬುದನ್ನು ಮರೆಯಬಾರದು.

1311ರಲ್ಲಿ, ಪಾಂಡ್ಯ ಸಹೋದರರ ಅಂತಃಕಲಹದ ಲಾಭ ಪಡೆಯಲು ಬಲ್ಲಾಳ ತಮಿಳು ನಾಡಿನತ್ತ ಹೋಗಿದ್ದಾಗ, ಅಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫೂರ್ ದೋರಸಮುದ್ರದ ಮೇಲೆ ಬಿದ್ದ. ದೆಹಲಿಯ ಆಸ್ಥಾನ ಕವಿ ಅಮೀರ್ ಖುಸ್ರೋ ಈ ದಂಡಯಾತ್ರೆಯನ್ನು ಧರ್ಮದ ಬಣ್ಣದಲ್ಲಿ ಅಲಂಕರಿಸಿ ಬರೆದರು. ಆದರೆ ಸೈನ್ಯ ಹೊತ್ತೊಯ್ದದ್ದು ಆನೆ, ಕುದುರೆ, ಖಜಾನೆ. ಬಲ್ಲಾಳ ಧಾವಿಸಿ ಬಂದು, ಎದುರಿಸಿದರೆ ನಾಡು ಉಳಿಯದೆಂದು ಕಂಡು, ಸಂಧಿ ಮಾಡಿಕೊಂಡ. ಅವನ ಮಗ ವಿರೂಪಾಕ್ಷ ದೆಹಲಿಗೆ ಹೋಗಿ 1313ರಲ್ಲಿ ಕ್ಷೇಮವಾಗಿ ಮರಳಿದ. ರಾಜಧಾನಿ ಮತ್ತೆ ದುರಸ್ತಿಯಾಯಿತು. ಹಾಳು ಮಾಡಿದ ಸೈನ್ಯದಲ್ಲಿ ಮುಸ್ಲಿಮರಿದ್ದರು. ಅದನ್ನು ಅಲ್ಲಗಳೆಯುವುದು ಬೇಡ. ಆ ಸೈನ್ಯ ನಮ್ಮ ಪೂರ್ವಜರಲ್ಲ; ಅದರ ಕೃತ್ಯ ಇಸ್ಲಾಮಿನ ಆಜ್ಞೆಯೂ ಅಲ್ಲ. ಇದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಆಶ್ರಯ ಬೇಡಿ ಬಂದವನು

ಎರಡನೆಯ ಆಘಾತ ಬಂದದ್ದು ಮುಹಮ್ಮದ್ ಬಿನ್ ತುಘ್ಲಕನ ಕಾಲದಲ್ಲಿ, ಅದೂ ಒಬ್ಬ ಮುಸ್ಲಿಮ್ ನಿರಾಶ್ರಿತನ ನೆಪದಲ್ಲಿ. ಸುಲ್ತಾನನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಶಾಸ್ಪ್ ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ಅವನು ಸುಲ್ತಾನನ ವಿರುದ್ಧ ದಂಗೆಯೆದ್ದು ಸೋತು, ತುಂಗಭದ್ರೆಯ ದಡದ ಕಂಪಿಲಿಯ ಅರಸ ಕಂಪಿಲರಾಯನಲ್ಲಿ ಆಶ್ರಯ ಬೇಡಿದ. ಜನಪದರು ಹಾಡಿ ಹೊಗಳುವ ಕುಮಾರರಾಮನ ತಂದೆಯೇ ಈ ಕಂಪಿಲರಾಯ.

ಕಂಪಿಲರಾಯ ಮುಸ್ಲಿಮನಲ್ಲ. ಆದರೂ ಮನೆಗೆ ಬಂದವನನ್ನು ಒಪ್ಪಿಸಲಿಲ್ಲ. ದೆಹಲಿಯ ಸೈನ್ಯ ಮುತ್ತಿಗೆ ಹಾಕಿ, ದವಸ ಮುಗಿದು, ಕೋಟೆ ಉಳಿಯದೆಂಬುದು ಖಚಿತವಾದಾಗ, ಅವನು ಅತಿಥಿಯನ್ನು ಕರೆದು ಬೇರೊಬ್ಬ ಅರಸನ ಬಳಿಗೆ ಸುರಕ್ಷಿತವಾಗಿ ಕಳುಹಿಸಿದ. ಬಳಿಕ ಅರಮನೆಯ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು; ಅರಸ ಕಾದಾಡಿ ಮಡಿದ. ಇದು 1327ರ ಸುಮಾರಿನ ಘಟನೆ. ಇದನ್ನು ವಿಸ್ತಾರವಾಗಿ ಬರೆದಿಟ್ಟವರು ಪ್ರಸಿದ್ಧ ಪ್ರವಾಸಿ ಇಬ್ನು ಬತೂತ. ದೆಹಲಿಯಲ್ಲಿ ಅವರು ಕಂಪಿಲರಾಯನ ಮಕ್ಕಳಲ್ಲಿ ಮೂವರನ್ನು ಕಂಡಿದ್ದರು. ಅವರಲ್ಲೊಬ್ಬ ಅವರ ಗೆಳೆಯನೂ ಆಗಿದ್ದ.

ಇದನ್ನು ಓದುವ ಮುಸ್ಲಿಮನಿಗೆ ಅಬಿಸೀನಿಯದ ನಜ್ಜಾಶಿ ದೊರೆ ನೆನಪಾಗದೆ ಇರಲಾರ. ಕುರೈಷರು ಉಡುಗೊರೆಗಳನ್ನು ಹೊತ್ತು ಬಂದು ‘ಓಡಿ ಬಂದವರನ್ನು ನಮಗೊಪ್ಪಿಸಿ’ ಎಂದಾಗ, ಆ ಕ್ರೈಸ್ತ ದೊರೆ ಉಡುಗೊರೆಗಳನ್ನು ಹಿಂದಿರುಗಿಸಿ ನಿರಾಶ್ರಿತ ಮುಸ್ಲಿಮರನ್ನು ಕಾಪಾಡಿದ. ರಕ್ಷಣೆ ಬೇಡಿದವನು ಬೇರೆ ವಿಶ್ವಾಸದವನಾದರೂ ಅವನಿಗೆ ಆಶ್ರಯವಿತ್ತು ನಿರ್ಭಯದ ತಾಣಕ್ಕೆ ತಲುಪಿಸಬೇಕೆಂದು ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 6ನೇ ಸೂಕ್ತ ಆದೇಶಿಸುತ್ತದೆ. ಆ ಸೂಕ್ತವನ್ನು ಎಂದೂ ಕೇಳಿರದ ಕನ್ನಡದ ಅರಸನೊಬ್ಬ ಅದರಂತೆ ನಡೆದು ಪ್ರಾಣ ಕೊಟ್ಟ. ಆ ಸೂಕ್ತವನ್ನು ಬಲ್ಲ ಸುಲ್ತಾನನೊಬ್ಬ ಆಶ್ರಯ ಕೊಟ್ಟ ತಪ್ಪಿಗೆ ಅವನ ರಾಜ್ಯವನ್ನು ಅಳಿಸಿದ.

ಗುರ್ಶಾಸ್ಪ್ ಹೋಗಿ ಸೇರಿದ್ದು ವೀರ ಬಲ್ಲಾಳನ ಬಳಿಗೆ. ಇಲ್ಲಿ ನಮ್ಮ ನಾಯಕನ ಬಗ್ಗೆಯೂ ಸತ್ಯ ಹೇಳಬೇಕು. ಸೈನ್ಯ ತನ್ನತ್ತ ತಿರುಗಿದಾಗ ಬಲ್ಲಾಳ ಆತನನ್ನು ಹಿಡಿದು ಒಪ್ಪಿಸಿಬಿಟ್ಟ. ಒಬ್ಬ ಅತಿಥಿಗಾಗಿ ಪ್ರಜೆಗಳನ್ನೆಲ್ಲ ಬಲಿಕೊಡಬೇಕೇ ಎಂದು ಅವನು ಯೋಚಿಸಿರಬಹುದು. ಕಂಪಿಲಿಯ ಬೂದಿ ಅವನ ಕಣ್ಣ ಮುಂದಿತ್ತು. ಆದರೂ ಕೊಟ್ಟ ಬೆಲೆ ಘೋರವಾಗಿತ್ತು. ಸುಲ್ತಾನ ತನ್ನ ಆ ಬಂಧುವಿನ ಚರ್ಮವನ್ನು ಜೀವಂತ ಸುಲಿಸಿ, ಅದಕ್ಕೆ ಹುಲ್ಲು ತುಂಬಿಸಿ, ಊರೂರಿಗೆ ಮೆರವಣಿಗೆ ಮಾಡಿಸಿದ. ಸಿಂಧ್ ಪ್ರಾಂತ್ಯಕ್ಕೆ ಆ ಚರ್ಮ ಬಂದಾಗ ಅಲ್ಲಿನ ಅಧಿಕಾರಿ ಕಿಶ್ಲೂ ಖಾನ್ ಅದನ್ನು ಮುಂದಕ್ಕೆ ಕಳುಹಿಸಲಿಲ್ಲ, ಮಣ್ಣು ಮಾಡಿಸಿದ. ಅದಕ್ಕಾಗಿ ಸುಲ್ತಾನನ ಕೋಪಕ್ಕೆ ತುತ್ತಾಗಿ, ಕೊನೆಗೆ ಯುದ್ಧದಲ್ಲಿ ತಲೆ ಕಳೆದುಕೊಂಡ. ಇದನ್ನೂ ಇಬ್ನು ಬತೂತರೇ ಬರೆದಿದ್ದಾರೆ. ಸತ್ತವನ ದೇಹಕ್ಕೆ ಮರ್ಯಾದೆ ಸಲ್ಲಿಸಿದವನೂ ಮುಸ್ಲಿಮನೇ, ಅದನ್ನು ಕಿತ್ತುಕೊಂಡವನೂ ಮುಸ್ಲಿಮನೇ. ‘ನಮ್ಮವರಾ?’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಲದೆನ್ನುವುದು ಇದಕ್ಕಾಗಿಯೇ.

ಹದಿನಾಲ್ಕು ದಿನಗಳ ಗಡುವು

ಒಪ್ಪಿಸಿದರೂ ದೋರಸಮುದ್ರ ನೆಮ್ಮದಿಯಿಂದ ಉಳಿಯಲಿಲ್ಲ. ಬಲ್ಲಾಳ ಆ ನಗರವನ್ನು ತೊರೆದು ತಮಿಳು ನಾಡಿನ ತಿರುವಣ್ಣಾಮಲೈಯಿಂದ ಆಳತೊಡಗಿದ. 1335ರ ಸುಮಾರಿಗೆ ಮಧುರೆಯಲ್ಲಿದ್ದ ದೆಹಲಿಯ ಅಧಿಕಾರಿ ಜಲಾಲುದ್ದೀನ್ ಅಹ್ಸನ್ ಸ್ವತಂತ್ರ ಸುಲ್ತಾನನಾದ. ಕೆಲವು ವರ್ಷಗಳ ಬಳಿಕ ಅದೇ ಗದ್ದುಗೆಗೆ ಗಿಯಾಸುದ್ದೀನ್ ದಾಮಗಾನಿ ಬಂದ. ಮುದಿ ಬಲ್ಲಾಳನ ಕೊನೆಯ ಕದನ ಇವನೊಡನೆ.

ಬಲ್ಲಾಳನ ಸೈನ್ಯ ಒಂದು ಲಕ್ಷ ಮೀರಿತ್ತು, ಅದರಲ್ಲಿ ಸುಮಾರು 20,000 ಮುಸ್ಲಿಮರೂ ಇದ್ದರು ಎಂದು ಇಬ್ನು ಬತೂತ ಬರೆಯುತ್ತಾರೆ. ಆ ಮುಸ್ಲಿಮರ ಬಗ್ಗೆ ಅವರಿಗೆ ಗೌರವವಿಲ್ಲ. ಪುಂಡರು, ಅಪರಾಧಿಗಳು, ಓಡಿಹೋದ ಗುಲಾಮರು ಎಂದು ಜರೆಯುತ್ತಾರೆ. ಸಂಖ್ಯೆ ಉತ್ಪ್ರೇಕ್ಷೆಯಿರಬಹುದು. ಆದರೆ ಹೊಯ್ಸಳ ಧ್ವಜದಡಿ ಮುಸ್ಲಿಮರು ನಿಂತಿದ್ದರೆಂಬ ಸಂಗತಿ ಉಳಿಯುತ್ತದೆ. ಅಂದು ಎರಡು ಧರ್ಮಗಳು ಎದುರುಬದುರಾಗಿ ನಿಂತಿರಲಿಲ್ಲ. ಎರಡು ರಾಜ್ಯಗಳು ನಿಂತಿದ್ದವು.

ಬಲ್ಲಾಳ ಮಧುರೆಯ ಸೈನ್ಯವನ್ನು ಸೋಲಿಸಿ ಕಣ್ಣನೂರು ಕೊಪ್ಪಂ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿದ. ಒಳಗೆ ಹದಿನಾಲ್ಕು ದಿನಗಳ ಆಹಾರ ಮಾತ್ರ ಉಳಿದಿತ್ತು. ಕೋಟೆ ಬಿಟ್ಟುಕೊಟ್ಟರೆ ಪ್ರಾಣಭಯವಿಲ್ಲದೆ ಹೊರಹೋಗಬಹುದೆಂದು ಅರಸ ಹೇಳಿಕಳುಹಿಸಿದ. ನಮ್ಮ ಸುಲ್ತಾನನನ್ನು ಕೇಳಬೇಕು ಎಂದು ಒಳಗಿನವರು ಹೇಳಿದಾಗ ಹದಿನಾಲ್ಕು ದಿನಗಳ ಕಾಲಾವಕಾಶವನ್ನೂ ಕೊಟ್ಟ. ಗೆದ್ದೇಬಿಟ್ಟಿದ್ದ ಸೇನಾಪತಿಯೊಬ್ಬ ಶತ್ರುವಿಗೆ ತೋರಿದ ಔದಾರ್ಯವಿದು.

ಆ ಪತ್ರವನ್ನು ಶುಕ್ರವಾರ ಮಧುರೆಯ ಮಸೀದಿಯಲ್ಲಿ ಓದಿದರು. ಜನ ಅತ್ತರು, ಸಾವಿಗೆ ಸಿದ್ಧರಾದರು. ಸುಮಾರು ಮೂರು ಸಾವಿರ ಸವಾರರೊಡನೆ ಗಿಯಾಸುದ್ದೀನ್ ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿಗೆ ಹೊಯ್ಸಳ ಪಾಳಯದ ಮೇಲೆ ಎರಗಿದ. ಕುದುರೆಗಳು ಮೇಯಲು ಹೋಗಿದ್ದವು. ಯಾರೋ ಕಳ್ಳರು ನುಗ್ಗಿದ್ದಾರೆಂದು ಭಾವಿಸಿ ಸೈನಿಕರು ಸಜ್ಜಾಗದೆ ಹೊರಬಂದರು. ಎಂಬತ್ತು ವರ್ಷದ ಅರಸ ಕುದುರೆಯೇರಲು ಯತ್ನಿಸುತ್ತಿದ್ದಾಗ ಸುಲ್ತಾನನ ಅಣ್ಣತಮ್ಮಂದಿರ ಮಗ ನಾಸಿರುದ್ದೀನ್ ಅವನನ್ನು ಹಿಡಿದ. ಯಾರೆಂದು ತಿಳಿಯದೆ ಕೊಲ್ಲಲು ಕತ್ತಿಯೆತ್ತಿದಾಗ, ‘ಇವನೇ ಅರಸ’ ಎಂದು ಸೇವಕನೊಬ್ಬ ತಡೆದ.

ಯುದ್ಧದ ತಂತ್ರವೆಂದು ಇಷ್ಟನ್ನು ಒಪ್ಪಬಹುದೇನೋ. ಮುಂದೆ ನಡೆದದ್ದನ್ನು ಯಾವ ನ್ಯಾಯವೂ ಒಪ್ಪುವಂತಿಲ್ಲ. ಬಿಡುಗಡೆ ಮಾಡುವೆನೆಂದು ಮಾತು ಕೊಟ್ಟು, ಮೇಲ್ನೋಟಕ್ಕೆ ಮರ್ಯಾದೆ ತೋರಿ, ಗಿಯಾಸುದ್ದೀನ್ ಆ ಮುದುಕನಿಂದ ಹಣ, ಆನೆ, ಕುದುರೆಗಳನ್ನೆಲ್ಲ ತರಿಸಿಕೊಂಡ. ಇನ್ನೇನೂ ಉಳಿದಿಲ್ಲವೆಂದಾದಾಗ ಅವನನ್ನು ಕೊಂದು, ಚರ್ಮ ಸುಲಿಸಿ, ಹುಲ್ಲು ತುಂಬಿಸಿ, ಮಧುರೆಯ ಕೋಟೆಗೋಡೆಗೆ ತೂಗುಹಾಕಿದ. ಹದಿನೈದು ವರ್ಷಗಳ ಹಿಂದೆ ಬಲ್ಲಾಳ ಒಪ್ಪಿಸಿದ್ದ ಗುರ್ಶಾಸ್ಪನಿಗೆ ಬಂದ ಗತಿಯೇ ಬಲ್ಲಾಳನಿಗೂ ಬಂತು. ತುರುಕರೊಡನೆ ಹೋರಾಡಿ ವೀರ ಬಲ್ಲಾಳ ಮಡಿದ ಸುದ್ದಿಯನ್ನು ನಮ್ಮ ಕಡೂರು ತಾಲೂಕಿನ ಶಾಸನವೊಂದು 1342ರ ಸೆಪ್ಟೆಂಬರ್ ತಿಂಗಳಿಗೆ ದಾಖಲಿಸಿದೆ. ಅವನ ಮಗ ಹೆಚ್ಚು ಕಾಲ ಆಳಲಿಲ್ಲ. ನಾಲ್ಕೈದು ವರ್ಷಗಳಲ್ಲಿ ಹೊಯ್ಸಳರ ನಾಡು ವಿಜಯನಗರದ ಸಂಗಮ ಸಹೋದರರ ಕೈಸೇರಿತು.

ಷಡ್ಡಕನ ವಿರುದ್ಧ ಸಾಕ್ಷಿ

ಬಲ್ಲಾಳನ ಅಂತ್ಯದ ಈ ವಿವರಗಳು ನಮಗೆ ಗೊತ್ತಾದದ್ದು ಹೇಗೆ? ಕಲ್ಲಿನ ಶಾಸನ ಅವನು ಮಡಿದನೆಂದಷ್ಟೇ ಹೇಳುತ್ತದೆ. ಕೊಟ್ಟ ಮಾತು ಮುರಿದದ್ದು, ಸುಲಿದದ್ದು, ತೂಗುಹಾಕಿದ್ದು, ಇವನ್ನೆಲ್ಲ ಲೋಕಕ್ಕೆ ತಿಳಿಸಿದವರು ಇಬ್ನು ಬತೂತ. ಸಿಂಹಳದಿಂದ ಬಂದು ಮಧುರೆಗೆ ಹೋದಾಗ ಗೋಡೆಯ ಮೇಲೆ ಆ ಚರ್ಮ ತೂಗುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಕನ್ನಡ ಕರಾವಳಿ ಅವರಿಗೆ ಹೊಸದಾಗಿರಲಿಲ್ಲ. ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಪಾಠಶಾಲೆಗಳನ್ನು ಎಣಿಸಿ ಬರೆದವರು ಅವರೇ; ಮುಸ್ಲಿಮೇತರ ಅರಸನ ಆಳ್ವಿಕೆಯ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ನೆಲೆಸಿದ್ದುದನ್ನು ಕಂಡವರೂ ಅವರೇ.

ಇಬ್ನು ಬತೂತರಿಗೆ ಗಿಯಾಸುದ್ದೀನ್ ಅಪರಿಚಿತ ಸುಲ್ತಾನನಾಗಿರಲಿಲ್ಲ. ಇಬ್ಬರೂ ಜಲಾಲುದ್ದೀನ್ ಅಹ್ಸನನ ಅಳಿಯಂದಿರು, ಅಕ್ಕತಂಗಿಯರನ್ನು ಮದುವೆಯಾದವರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಷಡ್ಡಕರು. ಅವನ ಆಶ್ರಯದಲ್ಲಿ ಉಳಿದು, ಅವನ ಊಟ ಉಂಡು, ಅವನಿಂದ ನೆರವು ನಿರೀಕ್ಷಿಸುತ್ತಿದ್ದ ಸ್ಥಿತಿಯಲ್ಲಿ ಅವರಿದ್ದರು. ಸೆರೆಸಿಕ್ಕ ಹಳ್ಳಿಗರನ್ನೂ ಅವರ ಹೆಂಡಿರು ಮಕ್ಕಳನ್ನೂ ಸುಲ್ತಾನ ಹಿಂಸಿಸಿ ಕೊಲ್ಲಿಸುತ್ತಿದ್ದುದನ್ನು ಅವರು ನೋಡಿದರು. ಒಮ್ಮೆ ಊಟದ ಹೊತ್ತಿನಲ್ಲೇ ಅಂಥ ಆಜ್ಞೆ ಹೊರಟಾಗ ಅವರು ಮುಖ ತಿರುಗಿಸಿದರು. ಎದುರು ನಿಂತು ತಡೆಯುವ ಧೈರ್ಯ ಅವರಿಗಾಗಲಿಲ್ಲ. ಅವರೂ ತಮ್ಮ ಕಾಲದ ಮನುಷ್ಯ. ಮುಸ್ಲಿಮೇತರರ ಬಗ್ಗೆ ಅವರು ಬಳಸುವ ಮಾತುಗಳಲ್ಲಿ ಕೆಲವು ಇಂದು ನಮಗೆ ಒಗ್ಗುವುದಿಲ್ಲ. ಅವರನ್ನು ಸಂತನೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ.

ಆದರೆ ಮೊರೊಕ್ಕೊಗೆ ಮರಳಿ, 1355ರ ಹೊತ್ತಿಗೆ ತಮ್ಮ ಪ್ರವಾಸ ಕಥನವನ್ನು ಬರೆಯಿಸಿದಾಗ ಅವರು ಮುಚ್ಚಿಡಲಿಲ್ಲ. ಹೆಂಗಸರು ಮಕ್ಕಳನ್ನು ಕೊಲ್ಲುವ ಇಂಥ ನೀಚ ಕೃತ್ಯವನ್ನು ಬೇರಾವ ದೊರೆಯಲ್ಲೂ ತಾನು ಕಂಡಿಲ್ಲವೆಂದೂ ಆ ಕಾರಣಕ್ಕೇ ಅಲ್ಲಾಹನು ಅವನ ಸಾವನ್ನು ಬೇಗ ತಂದನೆಂದೂ ದಾಖಲಿಸಿದರು. ಬರೆಯದಿದ್ದರೆ ಕೇಳುವವರಿರಲಿಲ್ಲ. ಷಡ್ಡಕನ ಮಾನ ಉಳಿಯುತ್ತಿತ್ತು. ಬಲ್ಲಾಳನಿಗಾದ ಅನ್ಯಾಯ ಮಧುರೆಯ ಗೋಡೆಯ ಮೇಲೆಯೇ ಒಣಗಿ ಹೋಗುತ್ತಿತ್ತು.

ಸಾಕ್ಷ್ಯ ನುಡಿಯುವಾಗ ಅದು ಸ್ವತಃ ನಿಮಗೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ದೃಢವಾಗಿ ನಿಲ್ಲಿರೆಂಬುದು ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಆದೇಶ. ಕೊಟ್ಟ ಮಾತಿನ ಬಗ್ಗೆ ವಿಚಾರಣೆಯಿದೆಯೆಂದು ಬನೀ ಇಸ್ರಾಈಲ್ ಅಧ್ಯಾಯ ಎಚ್ಚರಿಸುತ್ತದೆ. ಪ್ರವಾದಿವರ್ಯರು(ಸ) ಯುದ್ಧದಲ್ಲಿ ಸ್ತ್ರೀಯರನ್ನೂ ಮಕ್ಕಳನ್ನೂ ಕೊಲ್ಲಬಾರದೆಂದು ವಿಧಿಸಿದರು. ಶತ್ರುವಿನ ಅಂಗಾಂಗಗಳನ್ನು ಕೊಯ್ದು ದೇಹವನ್ನು ವಿರೂಪಗೊಳಿಸುವುದನ್ನು ನಿಷೇಧಿಸಿದರು. ಉಹುದ್ ಯುದ್ಧದಲ್ಲಿ ಸ್ವಂತ ಚಿಕ್ಕಪ್ಪ ಹಝ್ರತ್ ಹಂಝ(ರ)ರ ದೇಹವನ್ನು ಶತ್ರುಗಳು ಹಾಗೆ ಮಾಡಿದ್ದನ್ನು ಕಂಡು ಶೋಕಿಸಿದ ಪ್ರವಾದಿಯ(ಸ) ಆಜ್ಞೆಯಿದು. ಮಧುರೆಯ ಸುಲ್ತಾನ ಬಲ್ಲಾಳನಿಗೆ ಮಾಡಿದ್ದರಲ್ಲಿ ಇವೆಲ್ಲವುಗಳ ಉಲ್ಲಂಘನೆಯಿದೆ. ಅವನ ಹೆಸರು ಗಿಯಾಸುದ್ದೀನ್. ಅರ್ಥ, ಧರ್ಮದ ಸಹಾಯಕ. ಹೆಸರು ಧರ್ಮದ್ದಾದ ಮಾತ್ರಕ್ಕೆ ಕೃತ್ಯ ಧರ್ಮದ್ದಾಗುವುದಿಲ್ಲ.

ಆದ್ದರಿಂದ ಅತ್ತಿಗುಂಡಿಯ ಆ ಬಾಲಕನಿಗೆ ಹೇಳಬೇಕಾದ ಉತ್ತರ ಇದು. ಮಗು, ನಮ್ಮವರು ಯಾರೆಂಬುದನ್ನು ಹೆಸರಿನಿಂದ ನಿರ್ಧರಿಸಬೇಡ. ಅತಿಥಿಗಾಗಿ ಪ್ರಾಣ ಕೊಟ್ಟ ಕಂಪಿಲರಾಯ ನಮ್ಮವನು. ಸತ್ತವನನ್ನು ಮಣ್ಣು ಮಾಡಿ ದಂಡ ತೆತ್ತ ಕಿಶ್ಲೂ ಖಾನ್ ನಮ್ಮವನು. ಶತ್ರುವಿಗೆ ಹದಿನಾಲ್ಕು ದಿನಗಳ ಕಾಲಾವಕಾಶ ಕೊಟ್ಟ, ನಮ್ಮ ಮೂಡಿಗೆರೆಯ ಬೆಟ್ಟಗಳಿಂದ ಇಳಿದುಬಂದ ವಂಶದ ವೀರ ಬಲ್ಲಾಳ ನಮ್ಮವನು. ಅವನಿಗಾದ ಅನ್ಯಾಯವನ್ನು ನಂಟಸ್ತಿಕೆ ನೋಡದೆ ಬರೆದಿಟ್ಟ ಇಬ್ನು ಬತೂತ ನಮ್ಮವರು. ಹಳೇಬೀಡಿಗೆ ಹೋದಾಗ ತಲೆತಗ್ಗಿಸಬೇಡ, ಮುಖ ತಿರುಗಿಸಲೂ ಬೇಡ. ನಿನ್ನ ನಾಡಿನ ಅರಸರ ಊರನ್ನು ಪ್ರೀತಿಯಿಂದ ನೋಡು. ಯಾರಾದರೂ ಕೇಳಿದರೆ ನಡೆದದ್ದನ್ನು ನಡೆದಂತೆಯೇ ಹೇಳು.

ಚರಿತ್ರೆಯ ಮುಂದೆ ಮುಸ್ಲಿಮನ ಸ್ಥಾನ ಆರೋಪಿಯದ್ದಲ್ಲ, ವಕೀಲನದ್ದೂ ಅಲ್ಲ, ಸಾಕ್ಷಿಯದ್ದು. ಸ್ವಂತದವರ ವಿರುದ್ಧವಾದರೂ ಸತ್ಯವನ್ನು ನುಡಿಯುವ ಸಾಕ್ಷಿಗಳಾಗಲು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.